ಮೊದಲ ಸಾಲಿನ ಹವಾಲ್ದಾರರು

ಬೀದಿಯವರೆಲ್ಲ ಹವಾಲ್ದಾರರೆಂದೇ ಕರೆಯುವ ಆ ನಿವೃತ್ತ ಸೈನಿಕರು ಮಾತಾಡಿದರೆ ಮೂರನೆಯ ಮನೆಯ ತೊಟ್ಟಿಲ ಮಗು ಎದ್ದು ಕೂರುತ್ತದೆ. ಫಿರಂಗಿಗಳ ಪಕ್ಕದಲ್ಲೇ ಆಯುಸ್ಸು ಕಳೆದ ಕಿವಿ ಅದು. ತಮಗೆ ಕೇಳಿಸದ್ದು ಲೋಕಕ್ಕೂ ಕೇಳಿಸದೆಂದು ಅವರ ನಂಬಿಕೆ. ಗುಟ್ಟು ಹೇಳಲು ಹೆಂಡತಿಯನ್ನು ಒಳಕೋಣೆಗೆ ಕರೆದು, ಬಾಗಿಲು ಹಾಕಿ, ಇಡೀ ಬೀದಿಗೆ ಸಾರುತ್ತಾರೆ. “ಕಿವಿಗೊಂದು ಮೆಷಿನ್ ಹಾಕಿಸ್ಕೊಳ್ರೀ” ಎಂದು ಆಕೆ ಅಂದರೆ, “ಊಟ ಆಯ್ತು ಕಣೇ” ಎನ್ನುತ್ತಾರೆ. ಹಾಲಿನಂಗಡಿಯ ಮುಂದೆ ಅಡ್ಡಾದಿಡ್ಡಿ ನಿಂತವರನ್ನು ಸಾಲಾಗಿ ನಿಲ್ಲಿಸದೆ ತಾವು ಹಾಲು ಕೊಳ್ಳುವವರಲ್ಲ. ವರ್ಷದ ಕೊನೆಗೆ ಬೀದಿಯವರು ಮಾಜಿ ಸೈನಿಕರನ್ನು ಸನ್ಮಾನಿಸುವ ದಿನವಂತೂ ಎಲ್ಲರಿಗಿಂತ ಮುಂಚೆ ಹೋಗಿ ಮೊದಲ ಸಾಲಿನ ಕುರ್ಚಿ ಹಿಡಿಯುತ್ತಾರೆ. “ಅಜ್ಜನಿಗೆ ಸನ್ಮಾನದ ಹುಚ್ಚು” ಎಂದು ಜನ ನಗುತ್ತಾರೆ. ನಿಜ ಗೊತ್ತಿರುವುದು ಹೆಂಡತಿಗೆ ಮಾತ್ರ. ಅಲ್ಲಿ ಯುದ್ಧದಿಂದ ಹಿಂತಿರುಗದವರ ಹೆಸರು ಓದುತ್ತಾರೆ. ಗಾಯಗೊಂಡ ತಮ್ಮನ್ನು ಹೊತ್ತು ತಂದು, ತಾನು ಉಳಿಯದೇ ಹೋದ ಗೆಳೆಯನ ಹೆಸರಿಗೆ ಎದ್ದು ನಿಲ್ಲಲೇಬೇಕೆಂದು ಹವಾಲ್ದಾರರು ಓದುವವರ ತುಟಿಯನ್ನೇ ನೋಡುತ್ತಿರುತ್ತಾರೆ. ಎಲ್ಲಿ ತಪ್ಪಿಹೋದೀತೋ ಎಂಬ ದಿಗಿಲಿಗೆ ಹೆಂಡತಿಯ ಕೈ ಬೇರೆ ಹಿಡಿದಿರುತ್ತಾರೆ. ಹೆಸರು ಬಂದೊಡನೆ ಆಕೆ ಅದುಮಬೇಕು. ಈ ವರ್ಷ ಬೀದಿಯವರು ಫಲಕ ಕೊಡುವುದನ್ನು ಬಿಟ್ಟು, ಸಭೆಗೆ ಮೊದಲೇ ವೈದ್ಯರನ್ನು ಮನೆಗೆ ಕರೆತಂದು ಅವರ ಕಿವಿಗೆ ಮೆಷಿನ್ ಹಾಕಿಸಿದರು. ಸಭೆಯಲ್ಲಿ ಹೆಸರುಗಳು ಶುರುವಾದವು. ಆಕೆ ಎಂದಿನಂತೆ ಉಸಿರು ಬಿಗಿಹಿಡಿದು ಕಾದರು. ಗೆಳೆಯನ ಹೆಸರು ಬಂತು. ಆಕೆ ಕೈ ಅದುಮುವ ಮೊದಲೇ ಹವಾಲ್ದಾರರು ಎದ್ದು ನಿಂತಿದ್ದರು. ಮತ್ತೆ ಕೂತವರು, “ಕೇಳಿಸ್ತು ಕಣೇ” ಎಂದರು. ಎಷ್ಟೋ ವರ್ಷಗಳ ಮೇಲೆ ಆಕೆ ಆ ಸಭೆಯಲ್ಲಿ ಕುರ್ಚಿಗೆ ಬೆನ್ನು ಆನಿಸಿ ಕೂತರು.