ಹುಂಜದ ಕುತ್ತಿಗೆಯ ಕೆಂಪು

ನಮ್ಮ ಅತ್ತಿಗೆ ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಯುತ್ತಾರೆ. ಕೈ ಮುರಿದುಕೊಂಡವರು, ಸೊಂಟ ಹಿಡಿದವರು, ನಾಣ್ಯ ನುಂಗಿದ ಮಕ್ಕಳು, ಎಲ್ಲರಿಗೂ ಅವರದು ಒಂದೇ ಮಾತು: "ಅಲ್ಲಾಡಬೇಡಿ, ಉಸಿರು ಹಿಡ್ಕೊಳ್ಳಿ... ಆಯ್ತು, ಬಿಡಿ." ಮನೆಗೆ ಬಂದ ಮೇಲೂ ಈ ಮಾತು ಅವರ ಬಾಯಿ ಬಿಡುವುದಿಲ್ಲ. ಮನೆಯಲ್ಲಿ ಅದನ್ನು ಕೇಳಿಸಿಕೊಳ್ಳುವವು ಪಿಂಗಾಣಿ ಹಕ್ಕಿಗಳು. ಇವುಗಳಷ್ಟು ಹೇಳಿದ ಮಾತು ಕೇಳುವವರು ಆಸ್ಪತ್ರೆಯಲ್ಲೂ ಇಲ್ಲ, ಮನೆಯಲ್ಲಂತೂ ಮೊದಲೇ ಇಲ್ಲ ಎನ್ನುವುದು ಅತ್ತಿಗೆಯ ಅಭಿಪ್ರಾಯ.

ಜೀವ ಇರುವ ಹಕ್ಕಿ ಗೋಡೆಯ ಮೇಲೆ ಬಂದು ಕೂತರೆ ಅವರು ತಲೆ ಎತ್ತಿಯೂ ನೋಡುವುದಿಲ್ಲ. ಅಂಗೈಯಲ್ಲಿ ಕೂರುವಂಥ, ಕೈಯಿಂದ ಬಣ್ಣ ಹಚ್ಚಿದ ಗೊಂಬೆ ಹಕ್ಕಿ ಕಂಡರೆ ಮಾತ್ರ ಕಾಲು ಮುಂದೆ ಹೋಗುವುದಿಲ್ಲ. ಯಂತ್ರದಲ್ಲಿ ಬಣ್ಣ ಒತ್ತಿದ್ದು ಅವರಿಗೆ ಬೇಡ. ಕುಂಚದ ಗೆರೆ ಕಾಣಬೇಕು, ಒಂದು ಕಣ್ಣು ಇನ್ನೊಂದಕ್ಕಿಂತ ತುಸು ಮೇಲಿರಬೇಕು, ಹಚ್ಚಿದವರ ಕೈ ಎಲ್ಲೋ ಒಂದು ಕಡೆ ನಡುಗಿರಬೇಕು. ಅಂಥವಕ್ಕೆ ಮಾತ್ರ ನಮ್ಮ ಮನೆಗೆ ಪ್ರವೇಶ. ಹುಬ್ಬು ಗಂಟಿಕ್ಕಿದ ಗೂಬೆಗೆ ಮೇಲಧಿಕಾರಿ ಎಂದು ಹೆಸರು. ಬೆನ್ನು ತಿರುಗಿಸಿಕೊಂಡೇ ಇರುವ ಎರಡು ಬಾತುಕೋಳಿಗಳಿಗೆ ಅಣ್ಣ-ತಂಗಿ ಎಂದು ಹೆಸರು. ಅದು ನನ್ನನ್ನೂ ನನ್ನ ಅಣ್ಣನನ್ನೂ ನೋಡಿ ಇಟ್ಟದ್ದು, ತಕರಾರಿಲ್ಲ.

ನಾನು ಅದೇ ಮನೆಯ ಮಹಡಿಯಲ್ಲಿ ಇದ್ದೇನೆ. ಮದುವೆ ನನಗೆ ಒಗ್ಗುವ ಬಾಬತ್ತಲ್ಲ ಎಂದು ಮೊದಲೇ ತಿಳಿದುಕೊಂಡವಳು. ಮೂಗಿನ ತುದಿಯಲ್ಲೇ ಕೋಪ ಎಂದು ಎಲ್ಲರೂ ಹೇಳುತ್ತಾರೆ, ಹೇಳಿಕೊಳ್ಳಲಿ. ನಾದಿನಿ ಎಂದರೆ ಅತ್ತಿಗೆಯ ಪಾಲಿನ ಮುಳ್ಳು ಎಂದು ಲೋಕ ತಿಳಿದಿದೆ. ನಮ್ಮ ಮನೆಯಲ್ಲಿ ಆ ಮುಳ್ಳಿನ ಮೊನೆ ಅಣ್ಣನ ಕಡೆಗೇ ಇದೆ.

ಅಣ್ಣ ಗಡಿಯಾರ ರಿಪೇರಿ ಮಾಡುತ್ತಾನೆ. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಎಳ್ಳುಕಾಳಿಗಿಂತ ಸಣ್ಣ ತಿರುಪನ್ನು ಚಿಮ್ಮಟದಲ್ಲಿ ಎತ್ತುವ ಕೆಲಸ. ಅಂಗಡಿ ಬಿಟ್ಟು ಮನೆಯ ಒಳಕೋಣೆಗೆ ಮೇಜು ತಂದ ಮೇಲೆ ಅವನಿಗೆ ಹಗಲಲ್ಲೂ ದೀಪ ಬೇಕು. ನಮ್ಮ ಮನೆಯಲ್ಲಿ ಒಳ್ಳೆಯ ಬೆಳಕು ಬರುವುದು ಮುಂದಿನ ಕೋಣೆಯ ಒಂದೇ ಒಂದು ಕಿಟಕಿಯಿಂದ. ಆ ಕಿಟಕಿ ಅತ್ತಿಗೆಯದು. ಅದರ ಕೆಳಗೆ ಪುಟ್ಟ ಮೇಜು, ಮೇಜಿನ ಮೇಲೆ ಹಿಂದಕ್ಕೆ ಬಾಗಿಸಿ ಅಂಟಿಸಿದ ಬಿಳಿ ಡ್ರಾಯಿಂಗ್ ಹಾಳೆ, ಪಕ್ಕದಲ್ಲಿ ಬೆಳಕು ತಿರುಗಿಸಲು ಒಂದು ಥರ್ಮೋಕೋಲ್ ತುಂಡು. ಅದೇ ಅವರ ಸ್ಟುಡಿಯೊ.

ಇದೆಲ್ಲ ಒಂದು ಗುಂಪಿನ ಸಲುವಾಗಿ. ಬಣ್ಣದ ಗೊಂಬೆ ಕೂಡಿಡುವ ಹುಚ್ಚರೆಲ್ಲ ಫೋನಿನಲ್ಲಿ ಒಂದು ಕಡೆ ಸೇರಿದ್ದಾರೆ. ಅದನ್ನು ನಡೆಸುವವರು ನಿವೃತ್ತ ಡ್ರಾಯಿಂಗ್ ಟೀಚರ್ ಒಬ್ಬರು, ಎಲ್ಲರ ಬಾಯಲ್ಲೂ 'ಯಜಮಾನಿ'. ತಿಂಗಳಿಗೊಂದು ವಿಷಯ ಕೊಡುತ್ತಾರೆ: ನೆರಳು, ಜೋಡಿ, ಕಾಯುವುದು, ಹೀಗೆ. ತಮ್ಮ ಬಳಿ ಇರುವ ಗೊಂಬೆಯಿಂದಲೇ ಆ ವಿಷಯ ಹೇಳುವ ಒಂದು ಫೋಟೊ ತೆಗೆದು ಹಾಕಬೇಕು. ಗೆದ್ದ ಫೋಟೊ ಮುಂದಿನ ವರ್ಷದ ಕ್ಯಾಲೆಂಡರಿನಲ್ಲಿ ಆ ತಿಂಗಳ ಪುಟವಾಗುತ್ತದೆ. ಒಂದು ಕಟ್ಟುಪಾಡು ಮಾತ್ರ ಯಾರಿಗೂ ತಪ್ಪುವುದಿಲ್ಲ. ಫೋಟೊದ ಕೆಳಗೆ ಆ ಗೊಂಬೆಗೆ ಬಣ್ಣ ಹಚ್ಚಿದವರು ಯಾರೆಂದು ಬರೆಯಲೇಬೇಕು, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದಾದರೂ ಬರೆಯಬೇಕು.

ಅತ್ತಿಗೆ ಒಂದು ತಿಂಗಳೂ ಬಿಡದೆ ಫೋಟೊ ಹಾಕುತ್ತ ಬಂದಿದ್ದರು, ಒಂದು ಸಲವೂ ಗೆದ್ದಿರಲಿಲ್ಲ. ಪ್ರತಿ ಸಲ ಯಾರೋ ಒಬ್ಬ ಹಲ್ಲಿನ ಡಾಕ್ಟರು ಮೂರು ಕಡೆಯಿಂದ ದೊಡ್ಡ ದೊಡ್ಡ ದೀಪ ಬಿಟ್ಟು ಫಳಫಳ ಹೊಳೆಯುವ ಫೋಟೊ ಹಾಕಿ ಹೊಡೆದುಕೊಂಡು ಹೋಗುತ್ತಿದ್ದರು. ಆ ಮನುಷ್ಯನ ಮುಖವನ್ನು ನಾನು ನೋಡಿಲ್ಲ, ಆದರೂ ಕಂಡರೆ ಆಗುವುದಿಲ್ಲ.

ವರ್ಷದ ಮೊದಲಲ್ಲಿ ಒಂದು ದಿನ ಅಣ್ಣನ ಚಿಮ್ಮಟದಿಂದ ಒಂದು ತಿರುಪು ಹಾರಿ ಎಲ್ಲೋ ಬಿತ್ತು. ಅರ್ಧ ದಿನ ನೆಲದ ಮೇಲೆ ತೆವಳಿದರೂ ಸಿಗಲಿಲ್ಲ. ಎದ್ದವನೇ ಸಿಟ್ಟಿನಲ್ಲಿ ಮುಂದಿನ ಕೋಣೆಗೆ ಬಂದ.

"ನನಗೆ ಬೆಳಕು ಬೇಕು ಕಣೇ. ನನ್ನ ಕಣ್ಣು ಹೋಗ್ತಿದೆ, ಇಲ್ಲಿ ಗೂಬೆ ಬಿಸಿಲು ಕಾಯಿಸ್ಕೊಂಡು ಕೂತಿದೆ!"

"ಗೂಬೆಗೆ ಏನೂ ಅನ್ಬೇಡಿ," ಎಂದರು ಅತ್ತಿಗೆ. "ದಿನವೆಲ್ಲ ಕತ್ತಲೆ ಕೋಣೇಲಿ ಊರವರ ಮೂಳೆ ನೋಡಿ ಬರ್ತೀನಿ. ನನಗಿರೋದು ಇದೊಂದು ಕಿಟಕಿ."

ಮಾತಿಗೆ ಮಾತು ಬೆಳೆಯಿತು. ಕೊನೆಗೆ ಅಣ್ಣನೇ ಪಂದ್ಯ ಕಟ್ಟಿದ. "ಈ ವರ್ಷ ನಿಂದು ಒಂದೇ ಒಂದು ಫೋಟೊ ಕ್ಯಾಲೆಂಡರಲ್ಲಿ ಬರಲಿ, ಕಿಟಕಿ ಸಾಯೋವರೆಗೂ ನಿಂದೇ. ಬರಲಿಲ್ಲ ಅಂದ್ರೆ ನನ್ನ ಮೇಜು ಇಲ್ಲಿಗೆ."

"ಆಗಲಿ. ಇವಳೇ ಸಾಕ್ಷಿ," ಎಂದು ಅತ್ತಿಗೆ ನನ್ನತ್ತ ಬೆರಳು ಮಾಡಿದರು. ನಾನು ಬಾಯಿ ಬಿಡುವಷ್ಟರಲ್ಲಿ ಮಾತು ಆಗಿಹೋಗಿತ್ತು.

ತಿಂಗಳುಗಳು ಒಂದೊಂದೇ ಕೈಜಾರಿದವು. ಉಳಿದದ್ದು ಡಿಸೆಂಬರ್ ಪುಟ ಒಂದೇ. ಅದಕ್ಕೆ ಯಜಮಾನಿ ಕೊಟ್ಟ ವಿಷಯ: 'ಏಟು ಬಿದ್ದದ್ದು'. ಅದನ್ನು ಓದಿದ ಅತ್ತಿಗೆಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಏಕೆಂದರೆ ಅವರ ಬಳಿ ಒಂದು ಹುಂಜ ಇತ್ತು. ಹಳೇ ಸಾಮಾನಿನ ಅಂಗಡಿಯ ಮೂಲೆಯಲ್ಲಿ ಸಿಕ್ಕಿದ್ದು. ಎದೆ ಸೆಟೆಸಿ ನಿಂತ, ಕೆಂಪು ಕುತ್ತಿಗೆಯ ಹುಂಜ. ಆ ಕುತ್ತಿಗೆಯ ಮೇಲೆ ಹೆಬ್ಬೆರಳಿನ ಉಗುರಿನಷ್ಟು ಚಕ್ಕೆ ಎದ್ದು ಒಳಗಿನ ಬಿಳಿ ಕಾಣುತ್ತಿತ್ತು. ಅಷ್ಟು ಏಟು ತಿಂದೂ ಕೊಬ್ಬು ಇಳಿಯದ ಆ ಮುಖವೇ ಅತ್ತಿಗೆಗೆ ಪ್ರೀತಿ.

"ಈ ಸಲ ಹುಂಜಾನೇ ನನ್ನ ಕೈ ಹಿಡೀಬೇಕು. ಭಾನುವಾರ ಕೊನೇ ದಿನ, ಬೆಳಿಗ್ಗೆ ತೆಗೆದುಬಿಡ್ತೀನಿ," ಎಂದು ಅವರು ನನ್ನ ಬಳಿ ಹೇಳಿದ್ದನ್ನು ಒಳಕೋಣೆಯಲ್ಲಿದ್ದ ಅಣ್ಣ ಕೇಳಿಸಿಕೊಂಡ. ವಿಷಯ ಏನೆಂದು ಕೇಳುವ ಗೋಜಿಗೆ ಮಾತ್ರ ಹೋಗಲಿಲ್ಲ.

ಶನಿವಾರ ಸಂಜೆ ಅತ್ತಿಗೆ ಕೆಲಸದಿಂದ ಬಂದಾಗ ಅಣ್ಣ ಬಾಗಿಲಲ್ಲೇ ಮೀಸೆಯಡಿ ನಗುತ್ತ ನಿಂತಿದ್ದ. ಕೈಯಲ್ಲಿ ಹುಂಜ.

"ಚಕ್ಕೆ ಎದ್ದದ್ದು ಎಲ್ಲಿತ್ತು ಹೇಳು ನೋಡೋಣ!"

ಕುತ್ತಿಗೆಯ ಮೇಲೆ ಚಕ್ಕೆ ಎದ್ದ ಗುರುತೇ ಇರಲಿಲ್ಲ. ಗುಳಿ ತುಂಬಿ, ಉಜ್ಜಿ ನಯ ಮಾಡಿ, ಗಡಿಯಾರದ ಮುಖದ ಅಂಕಿ ತಿದ್ದುವ ಕುಂಚದಿಂದ ಕೆಂಪು ಹಚ್ಚಿದ್ದ. ನಾನೂ ತಿರುಗಿಸಿ ತಿರುಗಿಸಿ ನೋಡಿದೆ. ಕೆಟ್ಟುಹೋದದ್ದನ್ನು ಕಂಡರೆ ನನ್ನ ಅಣ್ಣನ ಕೈ ಸುಮ್ಮನಿರುವುದಿಲ್ಲ, ಮಾಡಿದ ಕೆಲಸದಲ್ಲಿ ಕೊರತೆಯೂ ಇರುವುದಿಲ್ಲ. ಅವತ್ತು ಅವನಿಗೆ ಆ ಕೈಗಳು ಇಲ್ಲದಿದ್ದರೆ ಚೆನ್ನಾಗಿತ್ತು ಎಂದು ನನಗೆ ಅನ್ನಿಸಿತು.

ಅತ್ತಿಗೆಯ ಮುಖದಲ್ಲಿ ರಕ್ತವೇ ಇರಲಿಲ್ಲ. "ಕಿಟಕಿಗೋಸ್ಕರ ಇಷ್ಟು ಕೆಳಗೆ ಇಳಿದ್ರಾ?" ಎಂದರು, ದನಿ ಎತ್ತದೆ.

ಅಣ್ಣ ಕಣ್ಣು ಕಣ್ಣು ಬಿಟ್ಟ. ವಿಷಯ ಏನೆಂದು ನಾನು ಬಿಡಿಸಿ ಹೇಳಬೇಕಾಯಿತು, ಜೊತೆಗೆ ನನಗೆ ಬಂದಷ್ಟು ಬೈಗುಳವನ್ನೂ ಸೇರಿಸಿದೆ. ಅವನು ಗೋಡೆಗೆ ಒರಗಿ ನಿಂತ. "ನನಗೆ ಗೊತ್ತಿರಲಿಲ್ಲ ಕಣೇ. ಈ ಸಲ ಹುಂಜಾನೇ ಕೈ ಹಿಡೀಬೇಕು ಅಂದೆಯಲ್ಲ... ಕುತ್ತಿಗೆ ಕಿತ್ತೋದ ಹುಂಜ ಇಟ್ಕೊಂಡು ಹೇಗೆ ಗೆಲ್ತೀಯ ಅಂತ... ನೀನು ಗೆಲ್ಲಲಿ ಅಂತ ಮಾಡಿದ್ದು."

ಗೆದ್ದರೆ ಕಿಟಕಿ ತನ್ನ ಕೈತಪ್ಪುತ್ತದೆ ಎಂದು ಗೊತ್ತಿದ್ದೂ ಮಾಡಿದ್ದ. ಅದು ತಲೆಗೆ ಹೋದ ಮೇಲೆ ಬೈಯಲು ನನಗೆ ಮನಸ್ಸು ಬರಲಿಲ್ಲ. ಬ್ಲೇಡಿನಿಂದ ಕೆರೆದು ಮೊದಲಿನಂತೆ ಮಾಡಿಕೊಡುತ್ತೇನೆ ಎಂದು ಅವನು ಕೈ ಚಾಚಿದ.

"ಮುಟ್ಟಬೇಡಿ," ಎಂದರು ಅತ್ತಿಗೆ. ಹುಂಜವನ್ನು ತೆಗೆದುಕೊಂಡು ಹೋಗಿ ಕಿಟಕಿಯ ಮೇಜಿನ ಮೇಲಿಟ್ಟರು.

ಭಾನುವಾರ ಬೆಳಿಗ್ಗೆ ನಾನು ಕೆಳಗಿಳಿದು ಬಂದಾಗ ಅವರು ಹುಂಜವನ್ನು ಎದುರಿಗಿಟ್ಟುಕೊಂಡು ಕೂತಿದ್ದರು. ಸಮಾಧಾನ ಹೇಳಲು ಹೋದೆ. ಅವರು ಕೈ ಅಡ್ಡ ಹಿಡಿದರು.

"ಮೂಳೆ ಬಿರುಕು ಬಿಟ್ಟಿರತ್ತೆ, ಎದುರಿಂದ ತೆಗೆದ್ರೆ ಏನೂ ಕಾಣಲ್ಲ. ಕಾಣಲ್ಲ ಅಂತ ರೋಗೀನ ಮನೆಗೆ ಕಳಿಸ್ತೀವಾ? ಪಕ್ಕಕ್ಕೆ ತಿರುಗಿಸಿ ಇನ್ನೊಂದು ತೆಗೀತೀವಿ."

ಹುಂಜವನ್ನು ಪಕ್ಕಕ್ಕೆ ತಿರುಗಿಸಿದರು. ಇನ್ನೂ ಸ್ವಲ್ಪ. ಆಗಷ್ಟೇ ಏರುತ್ತಿದ್ದ ಬಿಸಿಲು ಕುತ್ತಿಗೆಯನ್ನು ಸವರಿಕೊಂಡು ಹೋಯಿತು, ನನ್ನ ಬಾಯಿಂದ "ಅಯ್ಯೋ!" ಎಂದು ಬಂದೇಬಿಟ್ಟಿತು. ಹಳೆಯ ಬಣ್ಣದ ತುಂಬ ಕೂದಲೆಳೆಯಂಥ ಬಿರುಕುಗಳ ಬಲೆ. ಅದರ ನಡುವೆ, ಉಗುರಿನಷ್ಟು ಜಾಗದಲ್ಲಿ, ಒಂದೂ ಬಿರುಕಿಲ್ಲದ ಹೊಸ ಚರ್ಮ. ಅಣ್ಣನ ಕುಂಚ ಎಳೆದ ಒಂದೊಂದು ಗೆರೆಯೂ ಕಾಣುತ್ತಿತ್ತು. ದೀಪದ ಬೆಳಕಿನಲ್ಲಿ ಕಲಸಿದ ಅವನ ಕೆಂಪು ಬಿಸಿಲಿನಲ್ಲಿ ಕಿತ್ತಳೆಗೆ ತಿರುಗಿ, ಏಟು ಬಿದ್ದದ್ದು ಇಲ್ಲೇ ಎಂದು ಸಾರುತ್ತಿತ್ತು.

"ಥರ್ಮೋಕೋಲ್ ಹಿಡಿ," ಎಂದರು ಅತ್ತಿಗೆ. "ಇನ್ನೂ ಕೆಳಗೆ. ರೀ, ಬೆಳಕಿಗೆ ಅಡ್ಡ ಬರಬೇಡಿ!" ಇಣುಕುತ್ತಿದ್ದ ಅಣ್ಣ ಬೆದರಿ ಹಿಂದೆ ಸರಿದ. "ಅಲ್ಲಾಡಬೇಡ, ಉಸಿರು ಹಿಡ್ಕೋ..." ಹುಂಜ ಹೇಗೂ ಉಸಿರು ಹಿಡಿದೇ ಇತ್ತು. ನಾವು ಮೂವರೂ ಹಿಡಿದೆವು. "ಆಯ್ತು, ಬಿಡಿ."

ಫೋಟೊ ಹಾಕುವ ಮುಂಚೆ ನಾನು ಒಂದು ಮಾತು ಹೇಳಿದೆ. "ಅತ್ತಿಗೆ, ಬಣ್ಣ ತಿದ್ದಿಸಿದ್ದು ಅಂತ ಬರೀಬೇಡಿ. ತಿದ್ದಿದ ಗೊಂಬೆ ಕಂಡ್ರೆ ಆ ಗುಂಪಿನವರಿಗೆ ಆಗಲ್ಲ. ಹಳೇ ಬಣ್ಣದವರು ಗೊತ್ತಿಲ್ಲ ಅಂತ ಬರೆದು ಸುಮ್ಮನಾಗಿ." ಅವರು ನನ್ನನ್ನು ಒಮ್ಮೆ ನೋಡಿ, ಫೋನಿನಲ್ಲಿ ಬರೆದರು: 'ಬಣ್ಣ: ಮೊದಲು ಹಚ್ಚಿದವರು ಗೊತ್ತಿಲ್ಲ. ಏಟು ಬಿದ್ದ ಮೇಲೆ ಹಚ್ಚಿದವರು ನನ್ನ ಗಂಡ.'

ಸೋಮವಾರ ಬೆಳಿಗ್ಗೆ ನಾನು ಹೇಳಿದ ಹಾಗೇ ಆಯಿತು. ಮೊದಲು ಬಾಯಿ ಹಾಕಿದವರು ಹಲ್ಲಿನ ಡಾಕ್ಟರೇ: ತಿದ್ದಿದ ಗೊಂಬೆ ಲೆಕ್ಕಕ್ಕಿಲ್ಲ. ಇನ್ನಿಬ್ಬರು ಅದಕ್ಕೆ ತಾಳ ಹಾಕಿದರು. ಅತ್ತಿಗೆ ಫೋನನ್ನು ಬೋರಲು ಮಲಗಿಸಿ ಕೆಲಸಕ್ಕೆ ಹೋಗಲು ಎದ್ದರು. ಅಣ್ಣ ಅಪರಾಧಿಯಂತೆ ಅವರ ಹಿಂದೆ ಮುಂದೆ ಸುಳಿದಾಡಿದ. ಅಷ್ಟರಲ್ಲಿ ಗುಂಪಿಗೆ ಒಂದು ಧ್ವನಿ ಸಂದೇಶ ಬಂದು ಫೋನು ಸದ್ದು ಮಾಡಿತು, ನಾನು ಎತ್ತಿ ಒತ್ತಿದೆ. ಯಜಮಾನಿಯ ದನಿ, ಕೊಂಚ ಗೊಗ್ಗರು, ಕೋಣೆಯ ತುಂಬ ಕೇಳಿಸಿತು.

"ನಿಯಮ ಮಾಡಿದವಳು ನಾನು. ತಿದ್ದಬಾರದು ಅಂತ ನಾನು ಎಲ್ಲೂ ಹೇಳಿಲ್ಲ. ಹಚ್ಚಿದವರು ಯಾರು ಅಂತ ಹೇಳಬೇಕು ಅಂದಿದ್ದೆ, ಇವರು ಹೇಳಿದ್ದಾರೆ. ಮುಚ್ಚಿಟ್ಟಿದ್ರೆ ಆಗ ನೋಡೋಣ ಅಂತಿದ್ದೆ. ಡಾಕ್ಟರೇ, ನೀವು ದಿನಾ ಜನರ ಹಲ್ಲು ತಿದ್ದಲ್ವಾ? ಡಿಸೆಂಬರ್ ಪುಟ ಹುಂಜದ್ದು."

ನಾನು ಕಿರುಚಿದ್ದಕ್ಕೆ ಪಕ್ಕದ ಮನೆಯವರು ಓಡಿಬಂದರು. ಅತ್ತಿಗೆ ಕಿರುಚಲಿಲ್ಲ, ಚಪ್ಪಲಿ ಹಾಕಿಕೊಂಡವರು ಮತ್ತೆ ತೆಗೆದು, ಒಳಗೆ ಬಂದು ಹುಂಜವನ್ನು ಎದೆಗೆ ಒತ್ತಿಕೊಂಡರು. ಆಮೇಲೆ ಗಳಗಳನೆ ಅತ್ತರು. ಇಷ್ಟು ವರ್ಷ ಸೋತಾಗೆಲ್ಲ ಅವರು ಒಂದು ಹನಿ ಕಣ್ಣೀರು ಹಾಕಿದ್ದನ್ನು ನಾನು ಕಂಡಿರಲಿಲ್ಲ.

ಕ್ಯಾಲೆಂಡರ್ ಅಚ್ಚಾಗಿ ಬಂದ ದಿನ ಅಣ್ಣ ಡಿಸೆಂಬರ್ ಪುಟ ತೆರೆದು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೆಳಗಿನ ಸಾಲನ್ನು ಮತ್ತೆ ಮತ್ತೆ ಓದಿದ. "ನನ್ನನ್ಯಾಕೆ ಸೇರಿಸಿದೆ?" ಎಂದ.

"ಹಚ್ಚಿದವರು ನೀವು ತಾನೇ," ಎಂದರು ಅತ್ತಿಗೆ.

ಅವತ್ತಿನಿಂದ ಗಡಿಯಾರ ತಂದವರಿಗೆಲ್ಲ ಮೊದಲು ಆ ಪುಟ, ಆಮೇಲೆ ರಿಪೇರಿ. ಆದರೆ ಪಂದ್ಯ ಪಂದ್ಯವೇ. ಅವನು ತುಟಿ ಪಿಟಕ್ಕೆನ್ನದೆ ಒಳಕೋಣೆಯ ದೀಪದಡಿ ಕೂತು ಕಣ್ಣು ಕಿರಿದು ಮಾಡಿಕೊಂಡು ಕೆಲಸ ಮಾಡುತ್ತಿದ್ದ. ಅತ್ತಿಗೆ ಅದನ್ನು ಬಾಗಿಲಲ್ಲಿ ನಿಂತು ನೋಡಿದರು. ಮರುದಿನ ರಜೆ ಹಾಕಿ ನನ್ನನ್ನು ಕರೆದರು. "ಬಾ, ಒಂದು ಕಡೆ ಹಿಡಿ." ನಾವಿಬ್ಬರೂ ಸೇರಿ ಅಣ್ಣನ ಮೇಜನ್ನು ಎಳೆದು ತಂದು ಕಿಟಕಿಯ ಕೆಳಗೆ, ಪುಟ್ಟ ಮೇಜಿಗೆ ಒತ್ತಿ ಇಟ್ಟೆವು.

"ಸೋತವನು ನಾನಲ್ವೇನೇ?" ಎಂದ ಅಣ್ಣ.

"ಹೌದು. ಕಿಟಕಿ ನಂದು. ನನ್ನ ಕಿಟಕೀಲಿ ಯಾರನ್ನ ಬೇಕಾದ್ರೂ ಕೂರಿಸ್ತೀನಿ. ಮೇಲಧಿಕಾರಿ ಪಕ್ಕ ಕೂತ್ಕೊಳ್ಳಿ."

ಅಣ್ಣ ಕೂತ. ಮುಖದ ಮೇಲೆ ಬಿಸಿಲು ಬಿತ್ತು. ಕೈಗೆಟಕುವ ದೂರದಲ್ಲಿ ಹುಂಜ ನಿಂತಿತ್ತು. ಅದನ್ನು ಅವನು ಹತ್ತಿರದಿಂದ, ಹಗಲು ಬೆಳಕಿನಲ್ಲಿ ನೋಡಿದ್ದು ಅದೇ ಮೊದಲು. ಮುಖ ಕಿವುಚಿದ.

"ಅಯ್ಯಯ್ಯೋ, ಇದನ್ನೂ ಒಂದು ಕೆಂಪು ಅಂತಾರಾ? ದೀಪದಲ್ಲಿ ಗೊತ್ತೇ ಆಗಿಲ್ಲ. ಕೊಡು ಇಲ್ಲಿ, ಐದು ನಿಮಿಷದಲ್ಲಿ ಸರಿ ಮಾಡಿಬಿಡ್ತೀನಿ," ಎನ್ನುತ್ತ ಕುಂಚಕ್ಕೆ ಕೈ ಹಾಕಿದ.

ಅತ್ತಿಗೆ ಆ ಕೈಯ ಮೇಲೆ ಪಟ್ಟನೆ ಒಂದು ಕೊಟ್ಟರು. "ಅಲ್ಲಾಡಬೇಡಿ," ಎಂದರು.