ನಾಲ್ಕು ನಿಮಿಷ ಎಂದು ಬರೆದವಳು

ಆಸ್ಪತ್ರೆಯ ಲ್ಯಾಬಿನಲ್ಲಿ ಎಲ್ಲರೂ ಅವಳನ್ನು ಚಳಿಯಮ್ಮ ಎನ್ನುತ್ತಿದ್ದರು. ಇಪ್ಪತ್ತು ವರ್ಷ ಫ್ರೀಜರಿನ ಬಾಗಿಲು ತೆಗೆದು ಮುಚ್ಚಿದವಳಿಗೆ ಇನ್ನೇನು ಹೆಸರು ಬಂದೀತು! ಗರ್ಭಕಂಠದ ಕ್ಯಾನ್ಸರ್ ಇದ್ದ ಹೆಂಗಸರ ಗೆಡ್ಡೆಯ ಚೂರನ್ನು ಆಪರೇಷನ್ ಥಿಯೇಟರಿನಿಂದ ತಂದು ಕೊರೆಯುವ ದ್ರವ ನೈಟ್ರೋಜನ್ನಿನ ಕ್ಯಾನಿಗೆ ಇಳಿಸುವುದು ಅವಳ ಕೆಲಸ. ಆ ಚೂರಿನಲ್ಲಿ ಯಾವ ಜೀನ್ ಜೋರಾಗಿದೆ, ಯಾವುದು ಸುಮ್ಮನಿದೆ ಎಂದು ನೋಡಿ, ಯಾರಿಗೆ ಕಾಯಿಲೆ ಮರಳಬಹುದೆಂದು ಮೊದಲೇ ತಿಳಿಸುವ ಗುರುತನ್ನು ಡಾಕ್ಟರಮ್ಮ ಹುಡುಕುತ್ತಿದ್ದರು. ಐದು ನಿಮಿಷದೊಳಗೆ ಚೂರು ಹೆಪ್ಪುಗಟ್ಟಬೇಕು. ತಡವಾದರೆ ಜೀನ್‌ಗಳ ಲೆಕ್ಕವೆಲ್ಲ ಏರುಪೇರು. ಹಾಗಾಗಿ ಚೂರಿನ ಡಬ್ಬಿ ಹಿಡಿದ ಚಳಿಯಮ್ಮನನ್ನು ದಾರಿಯಲ್ಲಿ ಯಾರೂ ಮಾತಾಡಿಸಬಾರದೆಂಬುದು ಅಲ್ಲಿನ ಕಟ್ಟುಪಾಡು. ಒಮ್ಮೆ ದೊಡ್ಡ ಸಾಹೇಬರೇ ಮಾತಿಗೆಳೆದಾಗ "ಆಮೇಲೆ ಸಾರ್" ಎಂದು ಓಡಿದ್ದಳು. ಎಷ್ಟು ನಿಮಿಷವಾಯಿತೆಂದು ಚೀಟಿಯಲ್ಲಿ ಬರೆಯುವವಳೂ ಅವಳೇ. ಅವಳ ಚೀಟಿಯನ್ನು ಯಾರೂ ಎರಡನೇ ಸಲ ನೋಡುತ್ತಿರಲಿಲ್ಲ.

ಈ ಹುಡುಕಾಟದ ನಲವತ್ತೇಳನೆಯ ಚೂರು ಅವಳ ತಂಗಿಯದು. ತಾಯಿ ಹೋದ ಮೇಲೆ ತಾನೇ ಎತ್ತಿ ಆಡಿಸಿ ಬೆಳೆಸಿದ ತಂಗಿ. ಬೇರೆಯವರ ಕೈಲಿ ಕಳಿಸುತ್ತೇವೆಂದು ಥಿಯೇಟರಿನ ನರ್ಸುಗಳು ಅಂದರೂ ಕೇಳದೆ ತಾನೇ ಹೋದಳು, ಹೋಗಬಾರದಿತ್ತು, ಪುಣ್ಯಾತ್ಗಿತ್ತಿ. ಡಬ್ಬಿ ಹಿಡಿದು ಥಿಯೇಟರಿನಿಂದ ಹೊರಬಂದಾಗ ತಂಗಿಯ ಗಂಡ ಅಡ್ಡ ನಿಂತ.

"ಅತ್ತಿಗೆ, ಉಳೀತಾಳಾ? ಅದೊಂದು ಹೇಳಿ."

ಅಷ್ಟೆಂದವನೇ ಗೋಡೆಗೊರಗಿ ಕುಸಿದು ಅತ್ತ. ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಅವಳೂ ಪಕ್ಕದಲ್ಲಿ ಕುಳಿತಳು. ಎದ್ದಾಗ ಇಪ್ಪತ್ತು ನಿಮಿಷ ಕಳೆದಿತ್ತು. ಚೀಟಿಯಲ್ಲಿ ನಾಲ್ಕು ಎಂದು ಬರೆದಳು. ನಿಜ ಬರೆದರೆ ಚೂರನ್ನು ಎಸೆಯಬೇಕು. ತಂಗಿಯದನ್ನು ಎಸೆಯಲು ಅವಳಿಗೆ ಕೈ ಬರಲಿಲ್ಲ.

ವರ್ಷ ಕಳೆದು ಫಲಿತಾಂಶ ಪರದೆಯ ಮೇಲೆ ಬಂತು. ಕೆಂಪು ಸಾಲಿನವರಿಗೆ ಕಾಯಿಲೆ ಬೇಗ ಮರಳುವ ಭಯ, ಹಸಿರಿನವರಿಗೆ ಕಡಿಮೆ. ನಲವತ್ತೇಳು ಹಸಿರಿನಲ್ಲಿತ್ತು. ಇನ್ನೂ ಸಾಬೀತಾಗದ್ದನ್ನು ರೋಗಿಗಳಿಗೆ ಹೇಳಕೂಡದೆಂಬ ನಿಯಮ ಅವಳಿಗೆ ಬಾಯಿಪಾಠ. ಆದರೂ ಮಾತು ಹೊಟ್ಟೆಯಲ್ಲಿ ನಿಲ್ಲಲಿಲ್ಲ.

"ನೀನು ಗೆದ್ದೆ ಕಣೇ!"

"ಹಾಗಿದ್ರೆ ನಿಮ್ಮ ಆಸ್ಪತ್ರೆ ಮೆಟ್ಟಿಲು ಇನ್ನು ಹತ್ತಲ್ಲ ಬಿಡಕ್ಕ. ಸೂಜಿ ಚುಚ್ಚಿಸ್ಕೊಂಡು ಸಾಕಾಗಿದೆ" ಎಂದು ತಂಗಿ ನಕ್ಕಳು.

ಮೂರು ತಪಾಸಣೆ ತಪ್ಪಿಸಿದಳು. ಅಕ್ಕ ಗದರಲಿಲ್ಲ, ಆ ಹಸಿರು ಅವಳಿಗೂ ಮಂಕು ಕವಿಸಿತ್ತು. ಸೊಂಟ ನೋವೆಂದು ಬಂದಾಗ ಕಾಯಿಲೆ ಮೂಳೆಗಿಳಿದಿತ್ತು. ತಂಗಿ ಆರು ತಿಂಗಳೂ ಉಳಿಯಲಿಲ್ಲ.

ಚಳಿಯಮ್ಮ ಕೆಲಸಕ್ಕೆ ಮರಳಿದ ವಾರ ಡಾಕ್ಟರಮ್ಮ ಕರೆದರು. ಅವರಿಗೆ ನಂಬರು ಮಾತ್ರ ಗೊತ್ತು, ಯಾರದೆಂದು ಗೊತ್ತಿಲ್ಲ.

"ಹಸಿರಿನವರಲ್ಲಿ ಈ ನಲವತ್ತೇಳು ಒಬ್ಬರೇ ತೀರಿಕೊಂಡಿರೋದು, ಚಳಿಯಮ್ಮ. ನಾವು ಹಿಡಿದ ಗುರುತೇ ತಪ್ಪೋ ಏನೋ. ತಲೆ ಕೆಟ್ಟುಹೋಗಿದೆ."

"ಚೂರೇ ಕೆಟ್ಟಿತ್ತು ಮೇಡಂ. ನಾಲ್ಕು ನಿಮಿಷ ಅಲ್ಲ, ಇಪ್ಪತ್ತು. ನಾನೇ ಸುಳ್ಳು ಬರೆದೆ. ಅದು ನನ್ನ ತಂಗೀದು."

ಡಾಕ್ಟರಮ್ಮ ನಲವತ್ತೇಳರ ಚೀಟಿಯನ್ನು ಹುಡುಕಿ ತೆಗೆದರು. ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು.

"ನಲವತ್ತೇಳನ್ನ ತೆಗೆದುಹಾಕ್ಬೇಕಾಗುತ್ತೆ" ಎಂದರು, ಮೆಲ್ಲಗೆ.

ತೆಗೆಯುವ ಕೆಲಸವೂ ಅವಳದೇ. ಫ್ರೀಜರಿನಲ್ಲಿ ಉಳಿದಿದ್ದ ತುಣುಕನ್ನು ಡಬ್ಬಿಗೆ ಹಾಕಿಕೊಂಡು, ಉದ್ದ ಕಾರಿಡಾರಿನ ಆ ತುದಿಯಲ್ಲಿದ್ದ ಕಸದ ಕೋಣೆಗೆ ಹೊರಟಳು. ಓಡುವ ಅಗತ್ಯವಿರಲಿಲ್ಲ. ಯಾರಾದರೂ ತಡೆದು ಒಂದು ಮಾತು ಕೇಳಲಿ ಎಂದು ಜೀವ ಹಂಬಲಿಸಿತು. ಎದುರಾದವರೆಲ್ಲ ಅವಳ ಕೈಯಲ್ಲಿದ್ದ ಡಬ್ಬಿ ನೋಡಿ, ಬಾಯಿ ಮುಚ್ಚಿಕೊಂಡು ದಾರಿ ಬಿಟ್ಟರು.