ಹೊಸ ಬಣ್ಣದ ಯೂನಿಫಾರಂ

ಟೇಲರ್ ಅಕ್ಕ ಅಂಗಡಿಗೆ ಬೀಗ ಜಡಿದು ಊರು ಬಿಟ್ಟು ಹೊರಟಿದ್ದನ್ನು ಬೀದಿಯವರು ಕಂಡದ್ದೇ ಇಲ್ಲ. ಮನೆಯ ಕೆಳಗಿನ ಕೋಣೆಯೇ ಅವಳ ಅಂಗಡಿ. ಕಿಟಕಿಗೆ ಒತ್ತಿಕೊಂಡು ಹೊಲಿಗೆ ಯಂತ್ರ, ಕಾಲಿಟ್ಟಲ್ಲೆಲ್ಲ ಚೂರು ಬಟ್ಟೆ, ಮೊಳೆಗಳಲ್ಲಿ ತೋಳಿಲ್ಲದೆ ತೂಗುವ ಅರೆಬರೆ ಅಂಗಿಗಳು. ಮಹಡಿಯ ಮೇಲೆ ತಂಗಿ, ತಂಗಿಯ ಗಂಡ, ಅವರ ಮಗಳು ಬಟಾಣಿ. ಹುಟ್ಟಿದಾಗ ದುಂಡಗಿದ್ದಳೆಂದು ಆ ಹೆಸರು. ಈಗ ಕಡ್ಡಿಯಾಗಿದ್ದರೂ ಹೆಸರು ಬಿಟ್ಟಿರಲಿಲ್ಲ.

ತಾಯಿ ತೀರಿಕೊಂಡಾಗ ತಂಗಿ ಇನ್ನೂ ಶಾಲೆಯಲ್ಲಿದ್ದಳು. ಅಕ್ಕ ತನ್ನ ಓದಿಗೆ ನಮಸ್ಕಾರ ಹೇಳಿ ಯಂತ್ರದ ಮುಂದೆ ಕೂತಳು. ತಂಗಿಯನ್ನು ಓದಿಸಿ, ಮದುವೆ ಮಾಡಿ, ಕೊನೆಗೆ ಅವಳು ಆಫೀಸಿಗೆ ಹೊರಟಾಗ ಹಸುಗೂಸನ್ನೂ ಮಡಿಲಿಗೆ ಹಾಕಿಕೊಂಡಳು. ಬಟಾಣಿ ನಡೆಯಲು ಕಲಿತದ್ದು ಕತ್ತರಿಸುವ ಮೇಜಿನ ಕಾಲು ಹಿಡಿದು. ‘ಹೆತ್ತವಳು ಮೇಲೆ, ಸಾಕಿದವಳು ಕೆಳಗೆ’ ಎಂದು ಗಿರಾಕಿಗಳು ತಮಾಷೆ ಮಾಡಿದರೆ ಅಕ್ಕನಿಗೆ ಒಳಗೊಳಗೇ ಖುಷಿ.

ಹಾಗಾಗಿ ತಂಗಿ ಬಂದು, "ಅಕ್ಕಾ, ಎರಡು ದಿನ ಎಲ್ಲಾರೂ ಹೋಗಿ ಸಮುದ್ರ ನೋಡ್ಕೊಂಡ್ ಬರೋಣ. ನೀನು ಎಲ್ಲಿಗೂ ಬಂದಿಲ್ಲ" ಎಂದಾಗ ಅವಳು ಮೊದಲು ನಕ್ಕಳು, ಆಮೇಲೆ ಒಪ್ಪಿದಳು. ಹೊರಡುವ ಬೆಳಿಗ್ಗೆ ಪೆಟ್ಟಿಗೆಗಳ ಸಾಲು ನೋಡಿ, "ಏನ್ರೇ ಇದು, ಎರಡು ದಿನಕ್ಕೆ ಮನೇನೇ ಹೊತ್ಕೊಂಡ್ ಹೊರಟಿದೀರಾ?" ಎಂದು ರೇಗಿಸಿದಳು. ತಂಗಿಯ ಗಂಡ ಜೋರಾಗಿಯೇ ನಕ್ಕ.

ರೈಲಿನಲ್ಲಿ ಅವಳಿಗೆ ರಾಜೋಪಚಾರ. ಕಿಟಕಿಯ ಸೀಟು ಅವಳದೇ. "ಅತ್ತಿಗೆ, ನೀವು ಏಳಬೇಡಿ" ಎನ್ನುತ್ತ ತಂಗಿಯ ಗಂಡ ತಾನೇ ಹೋಗಿ ಚಹಾ ತಂದ. ತಂಗಿ ಹಣ್ಣು ಹೆಚ್ಚಿ ಕೈಗಿತ್ತಳು. ಇಸ್ಪೀಟಾಟದಲ್ಲಿ ಅಕ್ಕ ಸಾಲಾಗಿ ಸೋತಾಗ ಬಟಾಣಿ ಅವಳ ಕುತ್ತಿಗೆಗೆ ಜೋತುಬಿದ್ದು, "ದೊಡ್ಡಮ್ಮಂಗೆ ಕಳ್ಳಾಟ ಆಡಕ್ಕೇ ಬರಲ್ಲ!" ಎಂದು ಕೂಗಿದಳು. ಹೊಲಗಳು, ಸೇತುವೆಗಳು, ಯಾರದೋ ಹಿತ್ತಿಲಿನಲ್ಲಿ ಒಣಹಾಕಿದ ಬಟ್ಟೆ ಹಿಂದಕ್ಕೆ ಓಡುತ್ತಿದ್ದವು. ಇಷ್ಟು ಹಗುರವಾಗಿ ಒಂದು ದಿನ ಕಳೆದ ನೆನಪೇ ಅಕ್ಕನಿಗೆ ಇರಲಿಲ್ಲ.

ಎದುರು ಸೀಟಿನಲ್ಲಿ ಒಬ್ಬ ಅಜ್ಜಿ ಉಲ್ಲನ್ ಹೆಣೆಯುತ್ತಿದ್ದರು. ಊಟದ ಡಬ್ಬಿ ಮುಚ್ಚುವ ಹೊತ್ತಿಗೆ ಮಾತಿಗೆಳೆದರು. "ಎಷ್ಟನೇ ಕ್ಲಾಸು ಪುಟ್ಟಿ?"

"ನಾಲ್ಕು. ಸೋಮವಾರದಿಂದ ಹೊಸ ಸ್ಕೂಲು. ಅಲ್ಲಿ ಈಜುಕೊಳಾನೂ ಇದೆ—" ಎಂದವಳು ಥಟ್ಟನೆ ನಾಲಿಗೆ ಕಚ್ಚಿಕೊಂಡು ಅಮ್ಮನ ಮುಖ ನೋಡಿದಳು.

ಅಕ್ಕ ನಗುತ್ತಲೇ ತಿರುಗಿದಳು. "ಯಾವ ಹೊಸ ಸ್ಕೂಲೇ?"

ತಂಗಿಯ ಗಂಡ ಚಹಾದ ಖಾಲಿ ಲೋಟಗಳನ್ನು ಒಂದರೊಳಗೊಂದು ಇಡತೊಡಗಿದ. ಬೆಳಗಿನ ಪೆಟ್ಟಿಗೆಗಳ ಸಾಲಿನ ಅರ್ಥ ಅಕ್ಕನಿಗೆ ಈಗ ಹೊಳೆಯಿತು. ತಿಂಗಳ ಹಿಂದೆ ತಂಗಿ ಬೂದು ಬಟ್ಟೆ ತಂದು, "ಸ್ಕೂಲಿನೋರು ಯೂನಿಫಾರಂ ಬಣ್ಣ ಬದಲಾಯಿಸಿದಾರೆ ಅಕ್ಕಾ" ಎಂದಿದ್ದಳು. ಅಕ್ಕ ಬೇರೆಲ್ಲ ಕೆಲಸ ಬದಿಗಿಟ್ಟು, ಮಗು ಬೆಳೆದರೆ ಬಿಚ್ಚಲಿಕ್ಕಿರಲಿ ಎಂದು ಅಂಚಿನಲ್ಲಿ ಧಾರಾಳವಾಗಿ ಬಟ್ಟೆ ಬಿಟ್ಟು, ಮೂರು ಜೊತೆ ಹೊಲಿದುಕೊಟ್ಟಿದ್ದಳು. ತನ್ನಿಂದ ದೂರ ಹೋಗುವ ಮಗುವಿನ ಬಟ್ಟೆಯನ್ನು ತನ್ನ ಕೈಯಿಂದಲೇ ಹೊಲಿಸಿಕೊಂಡಿದ್ದರು.

"ಇವರಿಗೆ ವರ್ಗ ಆಗಿದೆ ಅಕ್ಕಾ," ತಂಗಿ ತಲೆ ತಗ್ಗಿಸಿ ಹೇಳಿದಳು. "ಕಂಪನಿಯೋರೇ ಮನೆ ಕೊಟ್ಟಿದಾರೆ, ಮಂಚ ಕುರ್ಚಿ ಸಮೇತ. ಸಮುದ್ರ ತೋರಿಸಿ ಆಮೇಲೆ ಹೇಳೋಣ ಅಂತಿದ್ವಿ. ಹೋಗೋ ದಿನವಾದ್ರೂ ನಗ್ತಾ ಹೋಗೋಣ ಅಂತ..."

"ಹೇಳಿದ್ರೆ ನಾನು ಬಾಗಿಲಿಗೆ ಅಡ್ಡ ಮಲಗ್ತಿದ್ನಾ?"

"ನೀನು ಅತ್ರೆ ಬಟಾಣಿ ಬರಲ್ಲ ಅಂತಿದ್ಲು."

"ಅದಕ್ಕೆ ಮಗೂಗೂ ಸುಳ್ಳು ಕಲಿಸಿದ್ರಾ?"

"ಅತ್ತಿಗೆ, ನಿಮ್ಮ ಒಳ್ಳೇದಕ್ಕೇ..." ಎಂದು ತಂಗಿಯ ಗಂಡ ಬಾಯಿ ಹಾಕಿದ. ಅಕ್ಕ ಒಮ್ಮೆ ದಿಟ್ಟಿಸಿದಳು. ಅವನು ಮತ್ತೆ ಲೋಟಗಳಿಗೆ ಕೈ ಹಾಕಿದ.

ತಂಗಿಯ ಎಷ್ಟೋ ತಪ್ಪುಗಳನ್ನು ಅವಳು ಹೊಟ್ಟೆಗೆ ಹಾಕಿಕೊಂಡಿದ್ದಳು. ವರ್ಗವಾದರೆ ಯಾರೇನು ಮಾಡಲಿಕ್ಕಾಗುತ್ತದೆ? ಆದರೆ ಆ ಚಹಾ, ಆ ಹಣ್ಣು, ಕಿಟಕಿಯ ಸೀಟು, ಇಡೀ ಬೆಳಗಿನ ನಗು ಎಲ್ಲವೂ ತನ್ನ ಬಾಯಿ ಮುಚ್ಚಿಸಲಿಕ್ಕೆ ಇಟ್ಟ ಲಂಚದಂತೆ ಕಂಡಿತು. ಬಟಾಣಿ ಹೆದರಿ ಮೆಲ್ಲನೆ ಅವಳ ಸೆರಗು ಎಳೆದಳು. ಅಕ್ಕ ಮಗುವನ್ನು ತೊಡೆಗೆ ಒರಗಿಸಿಕೊಂಡು ಊರು ಬರುವವರೆಗೂ ತಲೆ ಸವರಿದಳು. ದೊಡ್ಡವರಿಬ್ಬರ ಕಡೆ ಮುಖ ತಿರುಗಿಸಲಿಲ್ಲ.

ಸ್ಟೇಷನ್ನಿನಲ್ಲಿ ಅವಳು ತನ್ನ ಚೀಲವೊಂದನ್ನೇ ಬೇರೆ ಮಾಡಿಕೊಂಡಳು. "ನಿನ್ನದೇನೂ ತಪ್ಪಿಲ್ಲ ಕಂದಾ. ರಜಾ ಬಂದಾಗ ಬಾ" ಎಂದು ಬಟಾಣಿಯ ಕೆನ್ನೆ ಒರೆಸಿದಳು. ಹೊಸ ಮನೆಯ ಹೊಸಿಲು ತುಳಿಯಲಿಲ್ಲ. ಸಮುದ್ರ ಹತ್ತಿರದಲ್ಲೇ ಇದೆ ಎಂದು ತಂಗಿ ಕೈ ಹಿಡಿದು ಅತ್ತಳು. "ನೋಡ್ಕೊಳ್ಳಿ ನೀವೇ" ಎಂದು ಕೈ ಬಿಡಿಸಿಕೊಂಡು ಟಿಕೆಟ್ ಕಿಟಕಿಯ ಕಡೆ ನಡೆದಳು. ಸಂಜೆಯ ರೈಲು ತುಂಬಿತ್ತು. ಬಾಗಿಲ ಬಳಿ ಚೀಲದ ಮೇಲೆ ಕೂತು ವಾಪಸಾದಳು. ಕಣ್ಣೀರು ಬಂದದ್ದು ಅರ್ಧ ದಾರಿ ದಾಟಿದ ಮೇಲೆ.

ರಜೆಗಳಲ್ಲಿ ಬಟಾಣಿ ಬರುತ್ತಾಳೆ. ಬಂದಾಗ ಅಂಗಡಿಯಲ್ಲಿ ಗಲಾಟೆಯೋ ಗಲಾಟೆ. ಕರೆದುಕೊಂಡು ಬರುವ ತಂಗಿಗೆ ಅಕ್ಕ ಯಾವುದರಲ್ಲೂ ಕಡಿಮೆ ಮಾಡುವುದಿಲ್ಲ. ಕುರ್ಚಿ ಒರೆಸಿ ಕೊಡುತ್ತಾಳೆ, "ಬನ್ನಿ, ಕೂತ್ಕೊಳ್ಳಿ. ಕಾಫಿ ಕುಡೀತೀರಾ?" ಎನ್ನುತ್ತಾಳೆ.

"ಅಕ್ಕಾ, ನಂಗ್ಯಾಕೇ ಬಹುವಚನ?" ಎಂದು ತಂಗಿ ಒಮ್ಮೆ ಕೇಳಿದಳು.

"ಮನೆಗೆ ಬಂದೋರಿಗೆ ಹಾಗೇ ಅಲ್ವಾ ಮಾತಾಡೋದು" ಎಂದ ಅಕ್ಕ ಸೂಜಿಗೆ ದಾರ ಪೋಣಿಸಲು ಬೆಳಕಿನ ಕಡೆ ತಿರುಗಿದಳು.